ಎಕ್ಸ್ ಬಂದ್ರ ಒತ್ತಬ್ಯಾಡ್ರಿ

ಹಿಂದಕ ಗದಗ, ಹಾವೇರಿ ಕಡೆ ಯಾರರ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದ್ರ ಸಾಕು, "ಇವನ್ನ ಧಾರವಾಡಕ್ಕ ಕಳಸ್ರಿ" ಅಂತಿದ್ರು, ಯಾಕಂದ್ರ ಮಾನಸಿಕ ಆಸ್ಪತ್ರಿ ಇದ್ದದ್ದು ಇಲ್ಲಿ. ಚಲೋ ಮಾತೇನಲ್ಲ ಅದು, ಆದ್ರ ಅಂತಿದ್ರು. ಈಗೂ ಅಂತಾರ. ಮಾತು ಅದ ಐತಿ, ಅರ್ಥ ಬದಲಾಗೇತಿ. ಹುಡುಗ ಎಸ್ಸೆಸೆಲ್ಸಿಯಾಗ 90 ಪರ್ಸೆಂಟ್ ಮಾಡಿದ್ರ "ಧಾರವಾಡಕ್ಕ ಕಳಸ್ರಿ", ಕೋಚಿಂಗಿಗೆ. ನಮ್ಮ ಅಕ್ಕನೂ ರಾಣೆಬೆನ್ನೂರಿಂದ ಮಗನ್ನ ಕಳಿಸಿಬಿಟ್ಲು, ಸಪ್ತಾಪುರದಾಗ ತಮ್ಮನ ಝೆರಾಕ್ಸ್ ಅಂಗಡಿ ಐತಿ, ಹಾಸ್ಟೆಲ್ ಫೀ ಉಳೀತೈತಿ ಅಂತ ಆಕಿ ಲೆಕ್ಕ.

ಹುಡುಗ ಮುಂಜಾನೆ ಆರಕ್ಕ ಹೋದ್ರ ಹತ್ತರ ತನಕ ಒಂದ ಬೆಂಚಿನ ಮ್ಯಾಲೆ ಕುಂದರ್ತಾನ, ಆಮ್ಯಾಲೆ ಕಾಲೇಜು, ಮತ್ತ ಸಂಜಿಕೆ ನಾಕಕ್ಕ ಇನ್ನೊಂದು ಬ್ಯಾಚು. ಹಿಂಗ ನಡದಿತ್ತು. ಒಂದಿನ ಆ ಕ್ಲಾಸಿನಿಂದ ವಾಟ್ಸಾಪ್ ಮೆಸೇಜ್ ಬಂತು, ನಿಮ್ಮ ಮಗುವಿನ ಗಮನ ಎಷ್ಟೈತಿ ಅಂತ ಕಂಪ್ಯೂಟರ್ ಮ್ಯಾಲೆ ವೈಜ್ಞಾನಿಕವಾಗಿ ಅಳೀತೇವಿ, ಟೆಸ್ಟ್ ಫ್ರೀ, ರಿಪೋರ್ಟಿಗೆ ಮಾತ್ರ 800 ರೂಪಾಯಿ ಅಂತ. ಇದು ಹೆಂಗಾತಂದ್ರ ಊಟ ಪುಕ್ಕಟೆ, ಬಾಳಿ ಎಲಿಗೆ ರೊಕ್ಕ.

ರಿಪೋರ್ಟ್ ಬಂತು. ನಾಕು ಪೇಜು, ಕಲರ್, ಮ್ಯಾಲೆ ಒಂದು ಮಿದುಳಿನ ಚಿತ್ರ, ಅದಕ್ಕ ಲೈಟ್ ಹಚ್ಚಿದಂಗ. ಸಸ್ಟೇನ್ಡ್ ಅಟೆನ್ಶನ್ ಕೆಂಪು, ಅಂದ್ರ ಗಮನ ನಿಲ್ಲಂಗಿಲ್ಲ. ಸೆಲೆಕ್ಟಿವ್ ಅಟೆನ್ಶನ್, ಅಂದ್ರ ಬೇಕಾದ್ದನ್ನಷ್ಟ ಆರಿಸಿ ಗಮನ ಕೊಡೂದು, ಹಸರು, ಎಕ್ಸಲೆಂಟ್. ಕೆಳಗ ಆರು ವಾರದ ಬ್ರೇನ್ ಟ್ರೇನಿಂಗ್ ಪ್ಯಾಕೇಜು, 12,000. ಅಕ್ಕನ ಫೋನ್ ಬಂತು, "ತಮ್ಮಾ, ಹುಡುಗಂದು ಗಮನ ಕೆಟ್ಟೈತಂತಲ್ಲೋ, ಹೊತ್ತಿಗೆ ಸರಿಯಾಗಿ ಊಟಕ್ಕ ಹಾಕ್ತೀಯಿಲ್ಲೋ?"

ಎಲ್ಲಾ ಬಿಟ್ಟು ನನ್ನ ಬುಡಕ್ಕ ಬಂತು.

ಈ ಹುಡುಗನ ಗಮನ ನಾ ನೋಡೇನ್ರಿ. ಹೋದ ತಿಂಗಳು ಝೆರಾಕ್ಸ್ ಮಷೀನ್ ಒಳಗ, ಹಾಳಿಗೆ ಮಸಿ ಕಾಸಿ ಅಂಟಸೂ ಫ್ಯೂಸರ್ ಹಂತ್ಯಾಕ ಒಂದು ಹಾಳಿ ಚೂರು ಸಿಕ್ಕೊಂಡಿತ್ತು, ಹೊರಗಿಂದ ಕಾಣಂಗಿಲ್ಲ, ಪ್ರತಿ ಮೂರನೇ ಕಾಪಿಗೆ ಜಾಮ್. ಸರ್ವಿಸ್ ಹುಡುಗ ಹುಬ್ಬಳ್ಳಿಂದ ಬರಾಕ ಎರಡು ದಿನ ಅಂದ. ಇಂವ ಟಾರ್ಚ್ ಬಾಯಾಗ ಹಿಡದು, ಅವರವ್ವನ ಹುಬ್ಬಿನ ಚಿಮಟಿಗಿ ತಗೊಂಡು, ಒಂದೂವರಿ ತಾಸು ಮಾತಿಲ್ಲ ಕತಿ ಇಲ್ಲ, ಉಗುರಿನಷ್ಟು ಚೂರು ತಗದು ನನ್ನ ಕೈಯಾಗ ಇಟ್ಟ, ಅದರ ಮ್ಯಾಲೆ ಯಾರದೋ ಆಧಾರ್ ನಂಬರಿನ ಕಡೀ ಎರಡು ಅಂಕಿ ಇದ್ದುವು. ಇವಂದು ಗಮನ ನಿಲ್ಲಂಗಿಲ್ಲಂತ!

"ಅಲ್ಲೋ, ಏನ್ ಮಾಡಿಸಿದ್ರು ನಿನಗ?" ಅಂತ ಕೇಳ್ದೆ. "ಮಾಮಾ, ಪರದೆ ಮ್ಯಾಲೆ ಒಂದೊಂದ ಇಂಗ್ಲಿಷ್ ಅಕ್ಷರ ಬರ್ತಾವು, ಎಲ್ಲಾದಕ್ಕೂ ಸ್ಪೇಸ್‌ಬಾರ್ ಒತ್ತಬೇಕು, ಎಕ್ಸ್ ಬಂದ್ರ ಮಾತ್ರ ಒತ್ತಬಾರದು." ಯಾಕ ಒತ್ತಬಾರದು? "ಗೊತ್ತಿಲ್ಲ ಮಾಮಾ." ಒತ್ತಿದ್ರ ಏನಾಕ್ಕೈತಿ? "ಏನೂ ಆಗಂಗಿಲ್ಲ, ಮುಂದಿನ ಅಕ್ಷರ ಬರ್ತೈತಿ." ಇಂಥಾವು 360 ಅಕ್ಷರ, 14 ನಿಮಿಷ, ಅದೂ ಸಂಜಿ ಬ್ಯಾಚ್ ಬಿಟ್ಟ ಮ್ಯಾಲೆ, ಹೊಟ್ಟಿ ಹಸದಾಗ.

ನನಗೊಂದು ಕೆಟ್ಟ ಚಟ ಐತಿ, ಸ್ಪೈರಲ್ ಬೈಂಡಿಂಗಿಗೆ ಬಂದ ಥೀಸಿಸ್ ಎಲ್ಲಾ ಓದೂದು. ಸೈಕಾಲಜಿ ಓದೂ ಹುಡುಗ್ರು ತಂದು ಕೊಟ್ಟಾವ್ರಿಂದ ಈ ಟೆಸ್ಟಿನ ಕುಲಗೋತ್ರ ನನಗ ಸ್ವಲ್ಪ ಗೊತ್ತೈತಿ. 1956ರಾಗ ರೋಸ್ವಾಲ್ಡ್ ಅನ್ನಾವ್ರು ತಮ್ಮ ಜೋಡೀದಾರ್ರ ಕೂಡ ಕಂಟಿನ್ಯುವಸ್ ಪರ್ಫಾರ್ಮೆನ್ಸ್ ಟೆಸ್ಟ್ ಅಂತ ಮಾಡಿದ್ರು, ಮಿದುಳಿಗೆ ಪೆಟ್ಟಾದಾವ್ರನ್ನ ಗುರುತಿಸಾಕ. ಆವಾಗ ಎಕ್ಸ್ ಬಂದ್ರ ಒತ್ತಬೇಕಾಗಿತ್ತು. ಮುಂದ ಇನ್ಯಾರೋ ಬಂದು ಎಕ್ಸ್ ಬಂದ್ರ ಒತ್ತಬಾರದು ಅಂತ ತಿರವಿ ಹಾಕಿದ್ರು. ನಮ್ಮ ಸರಕಾರದ ಸರ್ಕ್ಯುಲರ್ ಇದ್ದಂಗ, ಹಿಂದಿನ ಆದೇಶ ರದ್ದುಪಡಿಸಿ ಆದೇಶಿಸಿದೆ.

ಇರ್ಲಿ, ಜಗಳಾ ಮಾಡಾಕಂತ ಹೋದೆ. ಕೌನ್ಸೆಲರ್ ಮೇಡಂ ಬಾಳ ಸಮಾಧಾನದ ಮನಶಾರು, ನಾ ಒದರೂದೆಲ್ಲಾ ಕೇಳ್ಕೊಂಡು, ನಡುನಡುವ ಮೊಬೈಲ್ ನೋಡ್ಕೊಂಡು, ಕಡಿಗೆ ಅಂದ್ರು, "ಸರ್, ಡೌಟ್ ಇದ್ರ ನೀವ ಒಮ್ಮೆ ತಗೊಂಡು ನೋಡ್ರಿ, ನಿಮಗ ಫ್ರೀ." ಫ್ರೀ ಅಂದ್ಮ್ಯಾಲೆ ಧಾರವಾಡದಾಂವ ಬಿಡ್ತಾನೇನು, ಕುಂತೆ.

ಕೋಣಿ ಅಂದ್ರ ಕೋಣಿ ಅಲ್ಲ ಅದು, ರೋಡಿನ ಕಡೆ ಕಿಡಕಿ ಇರೋ ಸ್ಟೋರ್ ರೂಮು, ಮೂಲ್ಯಾಗ ಹೋದ ವರ್ಷದ ರ‍್ಯಾಂಕ್ ಬಂದಾವ್ರ ಬ್ಯಾನರ್ ಸುತ್ತಿ ಇಟ್ಟಿದ್ರು. ಕೀಬೋರ್ಡಿನ ಸ್ಪೇಸ್‌ಬಾರ್ ಎಡಗಡೆ ಒತ್ತಿದ್ರ ಕೆಳಗ ಹೋಗಂಗಿಲ್ಲ, ಬಲಗಡೆ ಒತ್ತಿದ್ರ ಹೋಗಿದ್ದು ಮ್ಯಾಲೆ ಬರಂಗಿಲ್ಲ. ಇದರ ಮ್ಯಾಲೆ ಅಳದ ನನ್ನ ರಿಯಾಕ್ಷನ್ ಟೈಮು, ಅಂದ್ರ ಅಕ್ಷರ ಕಂಡ ಮ್ಯಾಲೆ ಒತ್ತಾಕ ಹಿಡದ ಹೊತ್ತು, ಎಷ್ಟು ಬಂತು ಗೊತ್ತೇನ್ರಿ, 512.37 ಮಿಲಿಸೆಕೆಂಡು! ದಶಾಂಶ ಆದಮ್ಯಾಲೆ ಎರಡು ಅಂಕಿ! ಅಲ್ರಿ, ಸೆಕೆಂಡಿಗೆ 60 ಸಲ ಚಿತ್ರ ಬದಲಸೂ 60 ಹರ್ಟ್ಝಿನ ಮಾನಿಟರ್ ಒಂದು ಚಿತ್ರ ಬದಲ್ ಮಾಡಾಕನ ಹತ್ರಾ ಹತ್ರಾ 17 ಮಿಲಿಸೆಕೆಂಡ್ ತಗೋತೈತಿ, ಕೀಬೋರ್ಡ್ ತಂದೊಂದಿಷ್ಟು ಸೇರಸ್ತೈತಿ, ಲ್ಯಾಬಿನ್ಯಾಗ ಖರೇ ಸಂಶೋಧನಾ ಮಾಡಾವ್ರು ಇದಕ್ಕಂತ ಬ್ಯಾರೆ ಬಟನ್ ಡಬ್ಬಿ ಇಟ್ಕೊಂಡಿರ್ತಾರ. ಇಲ್ಲಿ ಕಟ್ಟಿಗಿ ಅಡ್ಡೇದ ತಕ್ಕಡಿಯಾಗ ಬಂಗಾರ ತೂಗಿ ಮಿಲಿಗ್ರಾಂ ಹೇಳಾಕತ್ಯಾರ.

ಶುರು ಆತು. ಮೊದಲ ಎರಡು ನಿಮಿಷ ನಾನ ಹುಲಿ. ಮೂರನೇ ನಿಮಿಷಕ್ಕ ಹೊರಗ ಹಳೇ ಮಿಕ್ಸರ್ ಹಳೇ ಪಂಪ್‌ಸೆಟ್ ತಗೊಳ್ಳೋ ಗಾಡಿ ಬಂತು, ರೆಕಾರ್ಡ್ ಮಾಡಿದ ದನಿ, ಅದನ್ನೂ ತಡಕೊಂಡೆ. ಐದನೇ ನಿಮಿಷಕ್ಕ ಕರೆಂಟ್ ಹೋಗಿ ಯುಪಿಎಸ್ ಕುಂಯ್ ಕುಂಯ್ ಶುರು ಮಾಡ್ತು. ಅದನ್ನೂ ತಡಕೊಂಡೆ. ಏಳನೇ ನಿಮಿಷಕ್ಕ ರೋಡಿನ ಆ ಕಡೆಯಿಂದ ಯಾರೋ ನನ್ನ ಹೆಸರು ಹಿಡದು ಕೂಗಿದ್ರು, "ಅಂಗಡ್ಯಾಗ ಯಾರೂ ಇಲ್ಲೇನ್ರೀ? ಜಾತಿ ಸರ್ಟಿಫಿಕೇಟ್ ಎರಡು ಕಾಪಿ ಬೇಕಾಗಿತ್ತು!" ಅಲ್ಲಿಗೆ ನಾ ಹೋದೆ ನೋಡ್ರಿ, ಕೈ ಸ್ಪೇಸ್‌ಬಾರ್ ಮ್ಯಾಲೆ, ಜೀವಾ ಅಂಗಡ್ಯಾಗ.

ಇದಕ್ಕೂ ಥೀಸಿಸ್ ಐತ್ರಿ. 1953ರಾಗ ಕಾಲಿನ್ ಚೆರ್ರಿ ಅನ್ನಾಂವ ಎರಡು ಕಿವಿಗೆ ಎರಡು ಬ್ಯಾರೆ ಮಾತು ಬಿಟ್ಟು ಒಂದನ್ನ ಕೇಳಿ ಹೇಳ್ರಿ ಅಂದ, ಇನ್ನೊಂದು ಕಿವ್ಯಾಗ ಏನು ಮಾತು ಬಂತು ಅಂತ ಮಂದಿಗೆ ಹೇಳಾಕ ಬರ್ಲಿಲ್ಲ. 1959ರಾಗ ಮೋರೇ ಅನ್ನಾಂವ ಆ ಬಿಟ್ಟ ಕಿವ್ಯಾಗ ಅವರ ಹೆಸರ ಹಾಕಿ ನೋಡಿದ, ಸುಮಾರು ಮೂರರಾಗ ಒಬ್ಬರಿಗೆ ಕೇಳ್ತು. ಅಂದ್ರ ಮನಶಾನ ತಲಿ ಹೊರಗಿನ ಗದ್ದಲಾ ಎಲ್ಲಾ ಬಂದ್ ಮಾಡಿದ್ರೂ ಒಂದು ಸಣ್ಣ ಕಿಂಡಿ ಬಿಟ್ಟಿರ್ತೈತಿ, ತನಗ ಸಂಬಂಧಪಟ್ಟದ್ದು ಬಂದ್ರ ಒಳಗ ತಗೊಳ್ಳಾಕ. ಗಿರಾಕಿ ಕೂಗಿದ್ದು ಕೇಳದಂಗ ಎಕ್ಸ್ ನೋಡ್ಕೋತ ಕುಂತಿದ್ರ ನಾನು ಅಂಗಡಿ ಮುಚ್ಚಿ ಆ ಕ್ಲಾಸಿನ್ಯಾಗ ಅಡ್ಮಿಶನ್ ತಗೋಬೇಕಾಗ್ತಿತ್ತು.

ನಂದೂ ಕೆಂಪು ಬಂತು. ಮೇಡಂ ತಿಳಿಸಿ ಹೇಳಿದ್ರು, "ಸರ್, ಒತ್ತಬೇಕಾದಾಗ ಒತ್ತದಿದ್ರ ಒಮಿಶನ್, ಒತ್ತಬಾರದಾಗ ಒತ್ತಿದ್ರ ಕಮಿಶನ್. ನಿಮಗ ಕಮಿಶನ್ ಬಾಳ ಐತಿ." ನಾ ಅಂದೆ, ಮೇಡಂ, ಕಮಿಶನ್ ಇರೋ ಜಾಗಾ ಬ್ಯಾರೇನ ಅದಾವು, ಝೆರಾಕ್ಸಿನ್ಯಾಗ ಎಲ್ಲಿಂದ ಬರಬೇಕು.

ಹುಡುಗನ ಆ ಹಸರು ಎಕ್ಸಲೆಂಟಿನ ಗುಟ್ಟೂ ಅಲ್ಲೇ ಗೊತ್ತಾತು. ಅದು ಸ್ಟ್ರೂಪ್ ಟೆಸ್ಟು, 1935ರದ್ದು, ಸ್ಟ್ರೂಪ್ ಅನ್ನಾವನ ಹೆಸರಿಂದು. ನೀಲಿ ಬಣ್ಣದಾಗ "ರೆಡ್" ಅಂತ ಬರದಿರ್ತೈತಿ, ನೀವು ಬರದದ್ದು ಓದಬಾರದು, ಬಣ್ಣ ಹೇಳಬೇಕು. ಓದೂದು ಎಷ್ಟು ರೂಢಿ ಆಗಿರ್ತೈತಿ ಅಂದ್ರ ಬ್ಯಾಡಂದ್ರೂ ಓದಿಬಿಡ್ತೇವಿ, ಅದಕ್ಕ ತಡವರಸ್ತೇವಿ. ಯಾವ ಭಾಷೆ ಚಂದಂಗಿ ಬರ್ತೈತೋ ಅದರಾಗ ತೊಡಕು ಜಾಸ್ತಿ. ನಮ್ಮ ಹುಡುಗ ಹತ್ತನೇತ್ತದ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಶಬ್ದ ಅಂವ ಓದೂದ್ರಾಗ ಬಣ್ಣ ಕಂಡ್ಬಿಟ್ಟಿರ್ತೈತಿ, ಟಪಾಟಪ ಒತ್ಯಾನ. ಇಂಗ್ಲಿಷ್ ಬರದಿದ್ದದ್ದಕ್ಕ ಹಸರು, ಹೊಟ್ಟಿ ಹಸದದ್ದಕ್ಕ ಕೆಂಪು. "ಕೆಂಪು" ಅಂತ ಕನ್ನಡದಾಗ ಬರದು ಕೊಟ್ಟಿದ್ರ ನಮ್ಮ ಹುಡುಗನೂ ಎಲ್ಲಾರಂಗ ಬಿದ್ದಿರ್ತಿದ್ದ.

ತಪ್ಪು ತಿಳ್ಕೋಬ್ಯಾಡ್ರಿ. ಖರೇನ ಗಮನದ ತೊಂದ್ರಿ ಇರೋ ಮಕ್ಕಳು ಅದಾರ, ಅದು ನಗೂ ಮಾತಲ್ಲ, ಆದ್ರ ತಿಳದ ಡಾಕ್ಟರ್ ಬರೇ ಇದೊಂದು ಟೆಸ್ಟ್ ಮ್ಯಾಲೆ ಹಣಿಪಟ್ಟಿ ಹಚ್ಚಂಗಿಲ್ಲ, ಅವ್ವ ಅಪ್ಪನ್ನ ಕೇಳ್ತಾರ, ಸಾಲಿ ಮಾಸ್ತರನ್ನ ಕೇಳ್ತಾರ, ಸಣ್ಣಾಂವಿದ್ದಾಗಿಂದ ಹೆಂಗ ಇದ್ದ ಅಂತ ಕೇಳ್ತಾರ. ಆ ಹಳೇ ಮಾನಸಿಕ ಆಸ್ಪತ್ರಿನ ಈಗ ಡಿಮ್ಹಾನ್ಸ್, ಇದ ಊರಾಗ ಐತಿ, ಅಲ್ಲಿಗೆ ಹೋಗಾಕ ಮಂದಿಗೆ ನಾಚಿಕಿ, ಸ್ಟೋರ್ ರೂಮಿನ್ಯಾಗ 800 ಕೊಡಾಕ ನಾಚಿಕಿ ಇಲ್ಲ.

ಎಲ್ಲಾದಕ್ಕಿಂತ ನನಗ ಸಿಟ್ಟು ಬಂದದ್ದು ಬ್ಯಾರೇದಕ್ಕ. ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನ ರೇಡಾರ್ ನೋಡೂ ಮಂದಿ ಹೊತ್ತು ಹೋದಂಗ ಪರದೆ ಮ್ಯಾಲೆ ಕಾಣೂದನ್ನ ಬಿಟ್ಟುಬಿಡ್ತಿದ್ರು. ಯಾಕ ಹಿಂಗ ಅಂತ ನೋಡಾಕ ನಾರ್ಮನ್ ಮ್ಯಾಕ್‌ವರ್ತ್ ಅನ್ನೋ ಸೈಕಾಲಜಿ ಸಂಶೋಧಕ ಒಂದು ಗಡಿಯಾರ ಮಾಡಿದ, ಮುಳ್ಳು ಟಿಕ್ ಟಿಕ್ ಅಂತ ಒಂದೊಂದ ಹೆಜ್ಜಿ ಹೋಗ್ತೈತಿ, ಯಾವಾಗರೆ ಒಮ್ಮೆ ಎರಡು ಹೆಜ್ಜಿ ಜಿಗೀತೈತಿ, ಅದನ್ನ ಹಿಡೀಬೇಕು, ಹಿಂಗ ಎರಡು ತಾಸು. 1948ರಾಗ ಅದನ್ನ ಬರದ. ಅರ್ಧಾ ತಾಸು ಆಗೂದ್ರಾಗ ಮಂದಿ ತಪ್ಪಾಕ ಶುರು ಮಾಡ್ತಾರಂತ. ಮಂದಿ ಅಂದ್ರ ಯಾರು, ಆರಿಸಿ ತಗೊಂಡ, ಗಟ್ಟಿಮುಟ್ಟಾದ ಮಂದಿ! ಈ ಗಮನದ ಶಾಸ್ತ್ರದ ಮೊದಲ ಪಾಠನ ಅದು, ಅರ್ಧಾ ತಾಸು. ಆ ಕ್ಲಾಸಿನಾವ್ರು ಮ್ಯಾಕ್‌ವರ್ತ್‌ನ ಮೊಮ್ಮಕ್ಕಳಂಥಾ ಟೆಸ್ಟ್ ತಂದು ರೊಕ್ಕ ಮಾಡ್ತಾರ, ಅವನ ಮಾತು ಮಾತ್ರ ಒಲ್ರು, ಮುಂಜಾನೆ ಆರರಿಂದ ಹತ್ತರ ತನಕ ಫಿಸಿಕ್ಸ್ ಹೇಳಿ, ಹುಡುಗ ಜೂಗರಿಸಿದ್ರ ಅವನ ಮಿದುಳಿನ ಚಿತ್ರಕ್ಕ ಕೆಂಪು ಲೈಟ್ ಹಚ್ತಾರ.

ಇದನ್ನ ಮೇಡಂ ಮುಂದ ಹೇಳ್ದೆ. "ಅರ್ಧಾ ತಾಸಿಗೊಮ್ಮೆ ಬಿಟ್ರ ಸಿಲೆಬಸ್ ಮುಗಿಯಂಗಿಲ್ಲ ಸರ್" ಅಂದ್ರು. ಖರೇನ ಬಿಡ್ರಿ, ಹಡಗ ಮುಳುಗಿದ್ರೂ ಸಿಲೆಬಸ್ ಮುಗೀಬೇಕು.

ನಮ್ಮಲ್ಲಿ ಅಷ್ಟಾವಧಾನ ಅಂತ ಮಾಡ್ತಾರ್ರಿ, ನೀವು ನೋಡಿರಬಹುದು. ಎಂಟು ಮಂದಿ ಎಂಟು ಕಡೆಯಿಂದ ಕೇಳ್ತಾರ, ಒಬ್ಬಾಂವ ಗಂಟಿ ಬಾರಸ್ತಾನ ಎಷ್ಟು ಸಲ ಆತು ಲೆಕ್ಕ ಹೇಳಬೇಕು, ಇನ್ನೊಬ್ಬಂದು ಕೆಲಸಾನ ಸಂಬಂಧ ಇಲ್ಲದ ಹರಟಿ ಹೊಡದು ಅವಧಾನಿನ ದಾರಿ ತಪ್ಪಸೂದು, ಅಪ್ರಸ್ತುತ ಪ್ರಸಂಗ ಅಂತ ಅದಕ್ಕ ಕುರ್ಚಿ ಹಾಕಿ ಕುಂಡರಸ್ತಾರ. ಅವಧಾನಿ ಪದ್ಯಾನೂ ಹೇಳ್ತಾನ, ಹರಟಿಗೆ ಉತ್ತರಾನೂ ಕೊಡ್ತಾನ. ಅವರನ್ನ ಆ ಸ್ಟೋರ್ ರೂಮಿನ್ಯಾಗ ಕುಂಡರಿಸಿ ನೋಡಬೇಕು, ಹರಟಿ ಹೊಡಿಯಾವ ಇಲ್ಲ ಅಂತ ಬ್ಯಾಸರ ಬಂದು ಎಕ್ಸ್ ಮ್ಯಾಲೆ ಎಕ್ಸ್ ಒತ್ತಿ ಎದ್ದು ಬಂದಿರ್ತಾರ.

ಮರದಿನ ಆ ಕ್ಲಾಸಿನ ಆಫೀಸ್ ಹುಡುಗ ಪೆನ್ ಡ್ರೈವ್ ತಗೊಂಡು ನನ್ನ ಅಂಗಡಿಗೇ ಬಂದ, ಅವರ ಪ್ರಿಂಟರಿನ ಟೋನರ್ ಮುಗದಿತ್ತಂತ. ನಲವತ್ತು ರಿಪೋರ್ಟು, ಕಲರ್, ಪೇಜಿಗೆ ಹತ್ತು ರೂಪಾಯಿ. ಚಟ ಬಿಡ್ತೈತೇನ್ರಿ, ಓದಿದೆ. ಅಂಕಿ ಬ್ಯಾರೆ ಬ್ಯಾರೆ ಇದ್ದುವು, ಆದ್ರ ಕಡೀ ಪೇಜಿನ ಅಭಿಪ್ರಾಯ ನಲವತ್ತರಾಗೂ ಒಂದ, ನಿಮ್ಮ ಮಗು ಪ್ರತಿಭಾವಂತ, ಆದರೆ ದೀರ್ಘಕಾಲದ ಗಮನದಲ್ಲಿ ಸುಧಾರಣೆಯ ಅಗತ್ಯವಿದೆ, ಪ್ಯಾಕೇಜ್ ಶಿಫಾರಸು ಮಾಡಲಾಗಿದೆ. "ಅಗತ್ಯ" ಅನ್ನೋದಕ್ಕ ನಲವತ್ತು ಕಡೆನೂ "ಅಗತ್ತ್ಯ" ಅಂತ ತ ಒತ್ತು ಜಾಸ್ತಿ. ಹುಡುಗಗ ತೋರಿಸಿದೆ, "ಒತ್ತಬಾರದಾಗ ಒತ್ಯಾರ ಮಾಮಾ, ಕಮಿಶನ್" ಅಂದ.

ಮೂವತ್ತೇಳನೇದು ನಂದ ಇತ್ತು. ವಯಸ್ಸು 17 ಅಂತ ಹಾಕ್ಯಾರ. ನಿಮ್ಮ ಮಗು ಪ್ರತಿಭಾವಂತ. ಅದೊಂದನ್ನ ಬ್ಲಾಕ್ ಅಂಡ್ ವೈಟ್ ತಗದೆ, ಪೇಜಿಗೆ ಎರಡು ರೂಪಾಯಿ, ಕೆಂಪೂ ಕಾಣಂಗಿಲ್ಲ.