ಪಾವಗಡದ ಬಿಸಿಲು, ಜುನ್ನರ್‌ನ ಹಗಲು ಕರೆಂಟ್

ನಾನು ಪಾವಗಡ ಕಡೆಯವನು, ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ನಮ್ಮೂರ ಹತ್ತಿರ ತಿರುಮಣಿ, ವಳ್ಳೂರು ಕಡೆ ಸೋಲಾರ್ ಪಾರ್ಕ್ ಬಂದಾಗ ಇಲ್ಲಿನ ಕನ್ನಡದ ಗೆಳೆಯರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅದಕ್ಕಿಂತ ನನಗೆ ಹಿಡಿಸಿದ್ದು, ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ತಗೊಂಡ ರೀತಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಜಾಸ್ತಿ. ಕಡಲೆಕಾಯಿ ಹಾಕಿ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡ ನಮ್ಮ ಚಿಕ್ಕಪ್ಪನಿಗೆ ಇದು ದೊಡ್ಡ ಆಸರೆ.

ಆದರೆ ಅದೇ ಹೊಲಕ್ಕೆ ಕಡಲೆಕಾಯಿ ಕೀಳಲು ಬರುತ್ತಿದ್ದ ಅಕ್ಕನಿಗೆ? ಅವರಿಗೆ ಜಮೀನಿಲ್ಲ, ಗುತ್ತಿಗೆ ದುಡ್ಡೂ ಇಲ್ಲ, ಈಗ ಕೂಲಿಯೂ ಇಲ್ಲ. ಕಳೆದ ಯುಗಾದಿಗೆ ಹೋದಾಗ ಮನೆಗೆ ಬೀಗ ಹಾಕಿತ್ತು, ಮಗನ ಜೊತೆ ಬೆಂಗಳೂರಿಗೆ ಹೋದರಂತೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬನ ಊರು ಇದೇ ಪುಣೆ ಜಿಲ್ಲೆಯ ಜುನ್ನರ್ ತಾಲ್ಲೂಕು. ಚಿರತೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುವ ಸೀಮೆ. ಪಂಪ್‌ಸೆಟ್ಟಿಗೆ ಕರೆಂಟ್ ಬರುತ್ತಿದ್ದದ್ದು ರಾತ್ರಿ, ಹಾಗಾಗಿ ಅವನ ಅಪ್ಪ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು ಹಿಡಿದು, ಜೋರಾಗಿ ಅಭಂಗ ಹೇಳುತ್ತಾ ನೀರು ತಿರುಗಿಸಲು ಹೋಗುತ್ತಿದ್ದರಂತೆ. ಈಗ ಹಗಲಲ್ಲೇ ಕರೆಂಟ್. ಮಹಾರಾಷ್ಟ್ರದಲ್ಲಿ 2017ರಲ್ಲಿ ಶುರುವಾದ ಸೌರ ಕೃಷಿ ವಾಹಿನಿ ಯೋಜನೆಯಲ್ಲಿ ಹಳ್ಳಿಯ ಸಬ್‌ಸ್ಟೇಷನ್ ಹತ್ತಿರವೇ ಸಣ್ಣ ಸೋಲಾರ್ ಘಟಕ ಹಾಕಿ, ಆ ಕರೆಂಟನ್ನು ಅಲ್ಲಿನ ಪಂಪ್‌ಸೆಟ್ ಫೀಡರಿಗೇ, ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟ್ ಒಯ್ಯುವ ಲೈನಿಗೇ, ಬಿಡುತ್ತಾರೆ. ನೀರು ಹಾಯಿಸುವ ಕೆಲಸ ಬಿಸಿಲಿರುವಾಗಲೇ ಮುಗಿಯುತ್ತದೆ, ಅದಕ್ಕಾಗಿ ಕರೆಂಟ್ ಕೂಡಿಡುವ ದುಬಾರಿ ಬ್ಯಾಟರಿ ಬೇಕಿಲ್ಲ. ಎಷ್ಟು ಸರಳ ಲೆಕ್ಕ ಅಲ್ವಾ?

ಕಲ್ಲಿದ್ದಲು ಬಿಡಬೇಕು, ಅದಕ್ಕೆ ಪಾವಗಡದಂಥ ದೊಡ್ಡ ಪಾರ್ಕೂ ಬೇಕು. ಆದರೆ ಊರ ಬಿಸಿಲಿನ ಕರೆಂಟ್ ದೊಡ್ಡ ಲೈನ್ ಹತ್ತಿ ದೂರ ಹೋಗುವಾಗ, ಊರ ಬೋರು ಮಧ್ಯರಾತ್ರಿಯ ಸರದಿಗೆ ಕಾಯಬಾರದು. ನಮ್ಮ ಕರ್ನಾಟಕದಲ್ಲೂ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಫೀಡರಿಗೆ ಸೋಲಾರ್ ಕೊಡುವುದು ಶುರುವಾಗಿದೆ, ಅದಕ್ಕೆ ಜೋರು ಕೊಡಿ. ಹೊಸ ಗುತ್ತಿಗೆ ಬರೆಯುವಾಗ ಜಮೀನಿಲ್ಲದವರಿಗೂ ಒಂದು ಪಾಲು ಬರೆಯಿರಿ, ಪ್ಯಾನೆಲ್ ಸಾಲುಗಳ ನಡುವೆ ಕುರಿ ಮೇಯಿಸಲು ಬಿಡಿ.

ಮೊನ್ನೆ ಚಿಕ್ಕಪ್ಪನಿಗೆ ಫೋನಿನಲ್ಲಿ ಜುನ್ನರ್ ವಿಷಯ ಹೇಳಿದೆ. ಅವರಿಗೆ ಉಳಿದಿರುವ ಎರಡು ಎಕರೆಗೆ ಈಗಲೂ ರಾತ್ರಿಯೇ ಕರೆಂಟ್. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಯಾರಿಗೆ ಅರ್ಜಿ ಕೊಟ್ಟರಂತೆ, ಸರಿಯಾಗಿ ಕೇಳಿ ಹೇಳಪ್ಪ" ಅಂದರು.