ಯೋಚಿಸೋ ಪ್ರಶ್ನೆಗೂ ಗೈಡು!

ನಿನ್ನೆ ತಮ್ಮನ ಮನೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಮಗಳು ಹಿಂದೆ ಮುಂದೆ ತೂಗಾಡುತ್ತಾ ಉರು ಹೊಡೀತಿದ್ದಳು. "ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ..." ಗೈಡ್ ಇಸ್ಕೊಂಡು ನೋಡಿದರೆ 'ಮಡಕೆ ನೀರು ಯಾಕೆ ತಣ್ಣಗಿರುತ್ತದೆ?' ಅನ್ನೋ ಪ್ರಶ್ನೆ ಪಕ್ಕ ಒಂದು ನಕ್ಷತ್ರ, 'ಹಾಟ್ಸ್' ಅಂತ ಬೇರೆ. ಉನ್ನತ ಮಟ್ಟದ ಆಲೋಚನಾ ಕೌಶಲವಂತೆ! ಅದರ ಕೆಳಗೇ ಉತ್ತರ. ಮೂರು ಪಾಯಿಂಟು, ಮೂರು ಮಾರ್ಕು.

"ಸರಿ, ರಾಯಚೂರಲ್ಲಿ ತಣ್ಣಗಾದಷ್ಟು ಮಂಗಳೂರಲ್ಲಿ ಯಾಕೆ ಆಗಲ್ಲ?" ಅಂದೆ.

"ಅತ್ತೆ, ಅದು ಪರೀಕ್ಷೆಗೆ ಬರಲ್ಲ."

ಅಡುಗೆಮನೆಯಿಂದ ನಮ್ಮಮ್ಮ ಅಂದಳು: "ಆ ಸೆಕೇಲಿ ಒಗೆದ ಬಟ್ಟೆನೇ ಒಣಗಲ್ಲ, ಇನ್ನು ಮಡಕೆ ಮೈ ಎಲ್ಲಿಂದ ಒಣಗುತ್ತೆ?" ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಸಿಟ್ಟು ಹುಡುಗಿ ಮೇಲಲ್ಲ. ಬಾಯಿಪಾಠ ಬಿಡಿ ಅಂತ 2005ರ ಪಠ್ಯಕ್ರಮ ಚೌಕಟ್ಟು ಹೇಳಿತು, 2020ರ ಶಿಕ್ಷಣ ನೀತಿಯೂ ಹೇಳಿತು. ಗೈಡಿನವರು ಒಂದು ಹೊಸ ಅಧ್ಯಾಯ ಸೇರಿಸಿದರು, ಅಷ್ಟೇ. ನಾವು ಮೇಷ್ಟ್ರುಗಳೇನು ಕಮ್ಮಿಯಾ? ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ 1956ರಲ್ಲಿ ಕೊಟ್ಟ ಕಲಿಕೆಯ ಆರು ಮೆಟ್ಟಿಲನ್ನು ಬಿ.ಎಡ್‌ನಲ್ಲಿ ನಾನು ಕಲಿತದ್ದು ಹೀಗೆ: ಜ್ಞಾನ-ಗ್ರಹಿಕೆ-ಅನ್ವಯ-ವಿಶ್ಲೇಷಣೆ-ಸಂಶ್ಲೇಷಣೆ-ಮೌಲ್ಯಮಾಪನ. ಒಂದೇ ಉಸಿರಲ್ಲಿ, ಮಗ್ಗಿ ಥರ. 2001ರಲ್ಲಿ ಪರಿಷ್ಕರಿಸಿ ತುದಿಗೆ 'ಸೃಷ್ಟಿಸುವುದು' ಅಂತ ಕೂರಿಸಿದರಲ್ಲ, ಅದನ್ನೂ ತರಬೇತಿಯಲ್ಲಿ ಉರು ಹೊಡೆದೆವು.

ಈಗ ಕಾಮೆಂಟಲ್ಲಿ ಬರ್ತೀರಿ, ಗೊತ್ತು. "ಮೇಡಂ, ಅರವತ್ತು ಮಕ್ಕಳು, ಪೋರ್ಷನ್ ಮುಗೀಬೇಕು, ರಿಸಲ್ಟ್ ಬಿದ್ದರೆ ನೋಟಿಸು. ತಲೇಲಿ ಏನಾದ್ರೂ ಇದ್ರೆ ತಾನೆ ಯೋಚನೆ?" ಒಪ್ಪಿದೆ. ಮಗ್ಗಿ ಬಾಯಿಪಾಠ ಮಾಡಿಸಿ, ಸೂತ್ರ ಮಾಡಿಸಿ, ನಾನೇ ಬೆತ್ತ ತಂದುಕೊಡ್ತೀನಿ. ಆದರೆ ಯೋಚನೆಯನ್ನೇ ಬಾಯಿಪಾಠ ಮಾಡಿಸಿ ಅದಕ್ಕೆ ನಕ್ಷತ್ರ ಹಾಕಬೇಡಿ. ಉತ್ತರ ಅಚ್ಚಾದ ಮೇಲೆ ಅದು ಎಂಥ ಹಾಟ್ಸು? ತಂಗಳು.

ಹೇಳಬಾರದು ಅಂದ್ಕೊಂಡಿದ್ದೆ. ನಾನು ಕೆಲಸಕ್ಕೆ ಸೇರಿದ ಹೊಸತು, ಇದೇ ಮಡಕೆ ಪ್ರಶ್ನೆ. ಒಬ್ಬ ಹುಡುಗ ಬರೆದಿದ್ದ: "ಮಳೆಗಾಲದಲ್ಲಿ ಅಷ್ಟು ತಣ್ಣಗಾಗಲ್ಲ, ಆಗ ಗಾಳಿಗೆ ಬಾಯಾರಿಕೆ ಇರಲ್ಲ." ಕೀ ಆನ್ಸರ್‌ನಲ್ಲಿ ಬಾಯಾರಿಕೆ ಇರಲಿಲ್ಲ. ಕೆಂಪು ಇಂಕಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸೊನ್ನೆ ಕೊಟ್ಟಿದ್ದೆ.