ಮೂರು ಅಂದ್ರೆ ಒಂಬತ್ತು!

ಮಿಶನ್ ಸೇವೆಗೆ ಅಂತ ಟಾಂಜಾನಿಯಾದ ಮ್ವಾಂಜಾಕ್ಕೆ ಬಂದು ಮೂರು ವಾರ ಆಯಿತು. ಸೊಳ್ಳೆ ಕಾಟ, ದಿನಾ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ), ಎಲ್ಲ ಸಹಿಸಿಕೊಂಡೆ. ಈ ಗಂಟೆ ಲೆಕ್ಕ ಮಾತ್ರ ತಲೆಗೆ ಹತ್ತುತ್ತಿಲ್ಲ!

ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಹಗಲಿನ ಎಣಿಕೆ ಬೆಳಿಗ್ಗೆ 6ರಿಂದ. ನಮ್ಮ 7 ಗಂಟೆ ಇವರಿಗೆ 'ಸಾ ಮೋಜಾ', ಅಂದರೆ ಒಂದು. ಸಂಡೇ ಸ್ಕೂಲ್ 'ಸಾ ಟಾಟು'ಗೆ ಅಂದರು. ಟಾಟು ಅಂದರೆ ಮೂರು ಅಂತ ಕಲಿತಿದ್ದೆನಲ್ಲ, ಜಂಬದಿಂದ ಮಧ್ಯಾಹ್ನ 3ಕ್ಕೆ ಹೋದೆ. ಚರ್ಚಿಗೆ ಬೀಗ. ಮಕ್ಕಳು ಬೆಳಿಗ್ಗೆ 9ಕ್ಕೇ ಬಂದು ಹೋಗಿದ್ದವು.

ಯೇಸುವನ್ನು ಶಿಲುಬೆಗೆ ಹಾಕಿದ ಮೂರನೇ ತಾಸು ಅಂದರೆ 9 ಗಂಟೆ ಅಂತ ಊರಲ್ಲಿ ಮಾರ್ಕನ ಸುವಾರ್ತೆ ಪಾಠ ಮಾಡಿದವನು ನಾನೇ, ಅದು ಬೇರೆ!

ನಾಳೆ ಬಸ್ಸು 'ಸಾ ಕುಮಿ'ಗಂತೆ. ಕುಮಿ ಅಂದರೆ ಹತ್ತು. ಹಾಗಾದರೆ ನಾಲ್ಕು. ಬೆಳಗಿನ ಜಾವವೋ, ಸಂಜೆಯೋ?